ಅಡ್ಡಹೆಸರಿನಿಂದ ಉತಾರದವರೆಗೆ: ಮನೆತನದ ಇತಿಹಾಸವನ್ನು ಹುಡುಕುವ ಬಗೆ

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೇಳುತ್ತ ಬಂದ ಮಾತೊಂದಿತ್ತು: "ಪ್ಲೇಗಿನಾಗ ಊರು ಬಿಟ್ಟು ಹುಬ್ಬಳ್ಳಿಗೆ ಬಂದ್ವಿ." ನವಲಗುಂದದ ಕಡೆಯ ಎರೆಹೊಲವನ್ನು ಬಿಟ್ಟು ಬಂದದ್ದಕ್ಕೆ ಅದೊಂದೇ ಕಾರಣವೆಂದು ಎಲ್ಲರೂ ನಂಬಿದ್ದರು. ಹುಬ್ಬಳ್ಳಿಯಲ್ಲಿ ಪ್ಲೇಗು ದೊಡ್ಡ ಹಾವಳಿ ಮಾಡಿದ್ದು 1898ರಲ್ಲಿ. ಆದರೆ ಅಟ್ಟದ ಮೇಲಿನ ಟ್ರಂಕಿನ ತಳದಲ್ಲಿ ಸಿಕ್ಕ ಖರೀದಿ ಪತ್ರವೊಂದು 1879ರದಾಗಿತ್ತು, ಮತ್ತು ಅದರಲ್ಲಿ ಹೊಲವನ್ನು ಬರೆದುಕೊಟ್ಟ ನಮ್ಮ ಹಿರಿಯನ ಹೆಸರಿನ ಮುಂದೆ "ಹಾಲಿ ವಸ್ತಿ ಹುಬ್ಬಳ್ಳಿ" ಎಂದು ಸ್ಪಷ್ಟವಾಗಿ ಬರೆದಿತ್ತು. ಪ್ಲೇಗು ಬರುವುದಕ್ಕೆ 19 ವರ್ಷ ಮೊದಲೇ ಅವರು ಹುಬ್ಬಳ್ಳಿಯಲ್ಲಿದ್ದರು. ಹೊಲ ಮಾರಿದ ಕಾರಣವನ್ನು ಪತ್ರವೇ ಹೇಳುತ್ತಿತ್ತು: ಸಾವಕಾರನ ಸಾಲ. ಅದರ ಹಿಂದಿನ ಮೂರು ವರ್ಷಗಳಲ್ಲಿ ಈ ಸೀಮೆಯ ಮೇಲೆ ಹಾದುಹೋದದ್ದು 1876-78ರ ಮಹಾಬರ.

ಹಾಗಾದರೆ ಹಿರಿಯರು ಸುಳ್ಳು ಹೇಳಿದರೇ? ಇಲ್ಲ. ಪ್ಲೇಗಿನ ಕಾಲದಲ್ಲಿ ಹುಬ್ಬಳ್ಳಿಯ ಜನ ಓಣಿಯ ಮನೆಗಳನ್ನು ತೆರವು ಮಾಡಿ ಊರ ಹೊರಗೆ ಗುಡಿಸಲು ಹಾಕಿಕೊಂಡು ಇರಬೇಕಾಯಿತು. ಆಗ ಚಿಕ್ಕವರಾಗಿದ್ದವರು "ಪ್ಲೇಗಿನಾಗ ಮನಿ ಬಿಟ್ವಿ" ಎಂದು ಹೇಳಿರಬೇಕು. ಕೇಳಿದವರ ಬಾಯಲ್ಲಿ "ಮನಿ" ಎಂಬುದು "ಊರು" ಆಯಿತು. ಮನೆತನದ ನೆನಪು ಸಾಮಾನ್ಯವಾಗಿ ಹೀಗೆಯೇ ಇರುತ್ತದೆ: ಘಟನೆ ನಿಜ, ಅದನ್ನು ಜೋಡಿಸಿದ ಜಾಗ ತಪ್ಪು. ಈ ಲೇಖನದಲ್ಲಿ ಹೇಳಹೊರಟಿರುವುದು ಮನೆಯ ಮಾತು, ಸರಕಾರದ ಕಾಗದ ಮತ್ತು ಸೀಮೆಯ ಇತಿಹಾಸ ಈ ಮೂರನ್ನೂ ಎದುರುಬದುರು ಇಟ್ಟು ಓದುವ ಕ್ರಮವನ್ನು. ಉದಾಹರಣೆಗಳು ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳವು.

ಪ್ರಶ್ನೆಯನ್ನು ಮೊದಲು ಗೊತ್ತುಮಾಡಿಕೊಳ್ಳುವುದು

ಬಹಳಷ್ಟು ಜನ "ಎಷ್ಟು ತಲೆಮಾರು ಹಿಂದಕ್ಕೆ ಹೋಗಬಹುದು?" ಎಂದು ಕೇಳಿಕೊಂಡು ಹೊರಡುತ್ತಾರೆ. ನನ್ನ ಅನುಭವದಲ್ಲಿ ಇದಕ್ಕಿಂತ ಫಲ ಕೊಡುವ ಪ್ರಶ್ನೆ "ಯಾವ ಊರಿಂದ, ಯಾವಾಗ, ಯಾಕೆ ಬಂದರು?" ಎಂಬುದು. ಹನ್ನೆರಡು ತಲೆಮಾರಿನ ಬರೀ ಹೆಸರುಗಳು ಸಿಕ್ಕರೂ ಅದೊಂದು ಯಾದಿ ಮಾತ್ರ ಆಗುತ್ತದೆ. ನಾಲ್ಕು ತಲೆಮಾರಿನವರು ಯಾವ ಕಸುಬು ಮಾಡಿದರು, ಎಲ್ಲಿಂದ ಹೆಣ್ಣು ತಂದರು, ಯಾವ ವರ್ಷ ಹೊಲ ಕಳೆದುಕೊಂಡರು ಎಂಬುದು ಗೊತ್ತಾದರೆ ಅದನ್ನು ಇತಿಹಾಸ ಎನ್ನಬಹುದು. ರಾಜರ ಆಸ್ಥಾನದಲ್ಲಿದ್ದ ಮೂಲಪುರುಷನನ್ನು ಹುಡುಕುವ ಆಸೆಯನ್ನು ಮೊದಲ ದಿನವೇ ಪಕ್ಕಕ್ಕಿಡುವುದು ಒಳ್ಳೆಯದು. ಆ ಆಸೆ ಇದ್ದವರಿಗೆ ಅಂಥ ಮೂಲಪುರುಷ ಸಿಕ್ಕೇ ಸಿಗುತ್ತಾನೆ ಎಂಬುದೇ ಅದರ ತೊಂದರೆ.

ಮನೆಯೊಳಗಿನ ಹುಡುಕಾಟ

ಕಚೇರಿಗೆ ಹೋಗುವ ಮುನ್ನ ಮನೆಯನ್ನು ಶೋಧಿಸಬೇಕು. ಛಾಪಾ ಕಾಗದದ ಮೇಲಿನ ಪತ್ರಗಳು, ವಾಟಣಿ ಪತ್ರ (ಆಸ್ತಿ ಪಾಲು ಮಾಡಿಕೊಂಡ ಕಾಗದ), ಲಗ್ನಪತ್ರಿಕೆ, ಲಗ್ನದಲ್ಲಿ ಯಾರು ಏನು ಆಯೇರಿ ಮಾಡಿದರೆಂದು ಬರೆದಿಟ್ಟ ವಹಿ, ಅಂಗಡಿ ಇದ್ದವರಾದರೆ ಕೀರ್ದಿ ಪುಸ್ತಕ, ಜಾತಕ, ಸೊಸೈಟಿಯ ಶೇರಿನ ಪಾವತಿ, ರೇಲ್ವೆ ಅಥವಾ ಗಿರಣಿಯಲ್ಲಿ ದುಡಿದವರ ನೌಕರಿಯ ಕಾಗದ, ಫೋಟೋಗಳ ಹಿಂಬದಿ ಇವೆಲ್ಲವೂ ಸಾಕ್ಷ್ಯಗಳೇ. ಆಯೇರಿಯ ವಹಿಯನ್ನು ಯಾರೂ ಗಂಭೀರವಾಗಿ ನೋಡುವುದಿಲ್ಲ, ಆದರೆ ಒಂದು ಮನೆತನದ ಬೀಗರು ಯಾವ ಯಾವ ಊರಿನಲ್ಲಿದ್ದರು ಎಂಬುದನ್ನು ಅದರಷ್ಟು ಪೂರ್ತಿಯಾಗಿ ಹೇಳುವ ಇನ್ನೊಂದು ಕಾಗದ ಸಿಗುವುದು ಕಷ್ಟ.

ಪಾತ್ರೆಗಳನ್ನೂ ಬಿಡಬಾರದು. ನಮ್ಮ ಅಡಿಗೆಮನೆಯ ನಾಗೊಂದಿಗೆಯ ಮೇಲೆ ಕಪ್ಪಾಗಿ ಕುಳಿತಿದ್ದ ಹಿತ್ತಾಳೆಯ ತಂಬಿಗೆಯೊಂದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಎದ್ದವು. ಮೊದಲ ಎರಡು ಅಕ್ಷರ ಸವೆದಿದ್ದವು, ಉಳಿದದ್ದು "...ವ್ವಗ" ಎಂಬ ಹೆಣ್ಣುಮಗಳ ಹೆಸರಿನ ತುದಿ, ಆಮೇಲೆ ರೋಣದ ಕಡೆಯ ಒಂದು ಹಳ್ಳಿಯ ಹೆಸರು. ತವರಿನವರು ಮಗಳಿಗೆ ಕೊಟ್ಟ ಪಾತ್ರೆ ಅದು. ನಮ್ಮ ಮನೆಯ ಯಾವ ಕಾಗದದಲ್ಲಿಯೂ ಆ ಮುತ್ತಜ್ಜಿಯ ತವರೂರು ಇರಲಿಲ್ಲ. ಅಕ್ಷರ ಸರಿಯಾಗಿ ಕಾಣದಿದ್ದರೆ ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಪಾತ್ರೆಯ ಒಂದು ಬದಿಯಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಬೇಕು. ನೇರ ಬೆಳಕಿನಲ್ಲಿ ಕಾಣದ ಗೀರುಗಳು ಓರೆ ಬೆಳಕಿನಲ್ಲಿ ನೆರಳು ಹಿಡಿದು ಕಾಣುತ್ತವೆ. ಬಾವಿಕಟ್ಟೆ, ಗುಡಿಯ ಮೆಟ್ಟಿಲು ಮತ್ತು ಗೋರಿಗಳ ಮೇಲಿನ ಸವೆದ ಬರಹಕ್ಕೂ ಇದೇ ಉಪಾಯ.

ಹಿರಿಯರನ್ನು ಮಾತಾಡಿಸುವುದಕ್ಕೆ ತಾಳ್ಮೆ ಬೇಕು. "ಅಮ್ಮಾ, ನೀ ಯಾವಾಗ ಹುಟ್ಟಿದಿ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ನಿನ್ನ ಲಗ್ನ ಆದಾಗ ಗಾಂಧಿ ಸತ್ತಿದ್ರೇನು?", "ರಜಾಕಾರರ ಗದ್ದಲ ನಿನಗ ನೆನಪೈತೇನು?" ಎಂದು ಕೇಳಿದರೆ ಕಾಲ ತಾನಾಗಿ ಹತ್ತಿರ ಬರುತ್ತದೆ. ಒಬ್ಬರನ್ನೇ ಒಮ್ಮೆಗೆ ಕೂರಿಸಿ ಕೇಳಬೇಕು. ಕಾಕಾ ಮತ್ತು ಅತ್ತಿಯನ್ನು ಜೊತೆಗೆ ಕೂರಿಸಿದರೆ ಗಟ್ಟಿ ಧ್ವನಿಯವರ ಕಥೆ ಉಳಿಯುತ್ತದೆ, ಉಳಿದವರದು ಅಳಿಯುತ್ತದೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು, ಮತ್ತು ಅದೇ ದಿನ ರಾತ್ರಿ ಮುಖ್ಯವಾದ ಮಾತುಗಳನ್ನು ಹೇಳಿದವರ ಹೆಸರು ಮತ್ತು ತಾರೀಖಿನ ಸಮೇತ ನೋಟುಬುಕ್ಕಿಗೆ ಇಳಿಸಬೇಕು. ಅವರ ಮಾತನ್ನು ತಿದ್ದಬಾರದು; "ಪ್ಲೇಗಿನಾಗ" ಎಂದರೆ "ಪ್ಲೇಗಿನಾಗ" ಎಂದೇ ಬರೆಯಬೇಕು, ಅನುಮಾನವನ್ನು ಬೇರೆ ಬಣ್ಣದ ಶಾಯಿಯಲ್ಲಿ ಪಕ್ಕಕ್ಕೆ ಹಾಕಬೇಕು.

ಕಾಲವನ್ನು ಹಿಡಿಯುವ ಗೂಟಗಳು

ನೆನಪುಗಳನ್ನು ಕಟ್ಟಿಹಾಕಲು ಕೆಲವು ಗೂಟಗಳು ಬೇಕಾಗುತ್ತವೆ. ಈ ಸೀಮೆಗೆ ಒದಗುವವು ಇವು. 1791-92ರ ಡೋಗಿ ಬರ, 1817-18ರಲ್ಲಿ ಪೇಶ್ವೆಯ ಆಡಳಿತ ಹೋಗಿ ಕಂಪನಿ ಸರಕಾರ ಬಂದದ್ದು, 1824ರ ಕಿತ್ತೂರಿನ ಯುದ್ಧ, 1858ರ ನರಗುಂದ ಮತ್ತು ಮುಂಡರಗಿಯ ಬಂಡಾಯಗಳು, 1876-78ರ ಮಹಾಬರ, 1880ರ ದಶಕದಲ್ಲಿ ಗದಗ, ಹುಬ್ಬಳ್ಳಿ ಮತ್ತು ಧಾರವಾಡಕ್ಕೆ ರೈಲು ಬಂದದ್ದು, 1898ರ ಪ್ಲೇಗು, 1918ರ ಇನ್‌ಫ್ಲುಯೆಂಝಾ, 1947-48ರಲ್ಲಿ ಹೈದರಾಬಾದ್ ಸಂಸ್ಥಾನದ ಕಡೆಯಿಂದ ಗದಗ ಮತ್ತು ಮುಂಡರಗಿಯತ್ತ ಜನ ಓಡಿಬಂದದ್ದು, ಮತ್ತು 1956ರ ನವೆಂಬರ್ 1ರಂದು ಈ ಭಾಗ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು. ಹತ್ತಿ ಬೆಳೆಯುವ ಮನೆತನದವರು ಇನ್ನೊಂದು ಗೂಟವನ್ನು ಸೇರಿಸಿಕೊಳ್ಳಬೇಕು: 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಧಾರಣೆ ಬಂತು, ಯುದ್ಧ ಮುಗಿದ ಮೇಲೆ ಅಷ್ಟೇ ವೇಗದಲ್ಲಿ ಬಿತ್ತು. ಆ ಏರಿಕೆಯಲ್ಲಿ ಹೊಲ ಕೊಂಡವರು ಮತ್ತು ಆ ಇಳಿತದಲ್ಲಿ ಸಾಲಕ್ಕೆ ಬಿದ್ದವರು ಬಹಳ ಮನೆಗಳಲ್ಲಿದ್ದಾರೆ.

ಹಳೆಯ ಕಾಗದಗಳಲ್ಲಿಯ ವರ್ಷಗಳು ಇಸವಿಯಲ್ಲಿ ಇರಲಿಕ್ಕಿಲ್ಲ. ಶಕ ವರ್ಷಕ್ಕೆ 78 ಕೂಡಿಸಬೇಕು. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79. ಕಂದಾಯದ ಲೆಕ್ಕದ ವರ್ಷವಾದ ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಸವಿ ಬರುತ್ತದೆ, ಅಂದರೆ ಫಸಲಿ 1310 ಎಂದರೆ 1900-01. ಮರಾಠರ ಕಾಲದ ಕಾಗದಗಳ ಅರಬಿ ಸನಕ್ಕೆ 599 ಕೂಡಿಸಬೇಕು. ಆ ಸನವು ಮಿರಗದ ಮಳೆಯ ಸುಮಾರಿಗೆ ಶುರುವಾಗುತ್ತಿದ್ದುದರಿಂದ ಒಂದು ವರ್ಷದ ಹೆಚ್ಚುಕಡಿಮೆಯನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರ ಬೇಕು, ಏಕೆಂದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಸಂವತ್ಸರ ಎಂದರೆ ಮಹಾಬರ ಶುರುವಾದ 1876-77 ಆಗಬಹುದು, 1936-37 ಕೂಡ ಆಗಬಹುದು.

ಶಾಲೆಯ ದಾಖಲೆಯಲ್ಲಿ ಅಜ್ಜ ಜೂನ್ 1ರಂದು ಹುಟ್ಟಿದ್ದರೆ ಅದನ್ನು ನಂಬುವ ಅಗತ್ಯವಿಲ್ಲ. ಹೆಸರು ಹಚ್ಚಿಕೊಂಡ ಮಾಸ್ತರರು ಹುಡುಗನ ಎತ್ತರ ನೋಡಿ ಬರೆದ ತಾರೀಖು ಅದು, ಮತ್ತು ಅವರ ಕೃಪೆಯಿಂದ ಉತ್ತರ ಕರ್ನಾಟಕದ ಒಂದು ಇಡೀ ಪೀಳಿಗೆ ಒಂದೇ ದಿನ ಹುಟ್ಟಿದಂತಿದೆ.

ಅಡ್ಡಹೆಸರು ಮತ್ತು ಬೆಡಗು

ಈ ಸೀಮೆಯ ಅಡ್ಡಹೆಸರುಗಳು ದಾರಿ ತೋರಿಸುತ್ತವೆ, ದಾರಿ ತಪ್ಪಿಸುವುದೂ ಉಂಟು. ಊರಿನ ಹೆಸರೇ ಅಡ್ಡಹೆಸರಾಗಿದ್ದರೆ ಅದು ಸಾಮಾನ್ಯವಾಗಿ ಬಿಟ್ಟುಬಂದ ಊರು. ಇದ್ದ ಊರಿನಲ್ಲಿಯೇ ಯಾರನ್ನೂ ಆ ಊರಿನ ಹೆಸರಿನಿಂದ ಕರೆಯುವ ಕಾರಣವಿರುವುದಿಲ್ಲ. ಬಡಿಗೇರ, ಕಮ್ಮಾರ, ಪತ್ತಾರ, ಗಾಣಿಗೇರ, ಹೂಗಾರ, ನದಾಫ ಮುಂತಾದವು ಕಸುಬನ್ನು ಹೇಳುತ್ತವೆ. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ, ವಾಲೀಕಾರ ಮುಂತಾದವು ವತನವನ್ನು, ಅಂದರೆ ತಲೆಮಾರಿನಿಂದ ತಲೆಮಾರಿಗೆ ಬಂದ ಊರಿನ ಅಧಿಕಾರ ಅಥವಾ ಚಾಕರಿಯನ್ನು, ಹೇಳುತ್ತವೆ. ಆದ್ದರಿಂದ ಪಾಟೀಲ ಎಂಬ ಅಡ್ಡಹೆಸರಿನ ಎರಡು ಮನೆಗಳು ರಕ್ತಸಂಬಂಧಿಗಳಾಗಿರಬೇಕಿಲ್ಲ, ಒಂದೇ ಜಾತಿಯವರೂ ಆಗಿರಬೇಕಿಲ್ಲ, ಒಂದೇ ಧರ್ಮದವರೂ ಆಗಿರಬೇಕಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮುಂತಾದವುಗಳ ಹಿಂದೆ ವ್ಯಾಪಾರವಿರಬಹುದು, ಯಾರೋ ಒಮ್ಮೆ ಮಾಡಿದ ಚೇಷ್ಟೆಯೂ ಇರಬಹುದು. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಶಾಲೆಗಳಲ್ಲಿ ಎರಡು ಅಡ್ಡಹೆಸರು ಹಚ್ಚಿಸಿಕೊಂಡ ಉದಾಹರಣೆಗಳಿಗೂ ಕೊರತೆಯಿಲ್ಲ.

ಅಡ್ಡಹೆಸರಿಗಿಂತ ಹಳೆಯದೂ ಗಟ್ಟಿಯಾದದ್ದೂ ಎಂದರೆ ಬೆಡಗು, ಅಂದರೆ ಸಮುದಾಯದೊಳಗಿನ ಕುಲದ ಹೆಸರು. ಲಿಂಗಾಯತ, ಕುರುಬ ಮುಂತಾದ ಹಲವು ಸಮುದಾಯಗಳಲ್ಲಿ ಒಂದೇ ಬೆಡಗಿನವರು ಪರಸ್ಪರ ಹೆಣ್ಣು ಕೊಟ್ಟು ತರುವುದಿಲ್ಲವಾದ್ದರಿಂದ ಅದನ್ನು ಮರೆಯಲು ಸಂಬಂಧ ಕೂಡಿಸುವವರು ಬಿಡುತ್ತಿರಲಿಲ್ಲ. ಬೆಡಗು, ಗೋತ್ರ, ಮನೆದೇವರು ಮತ್ತು ಮನೆದೇವರ ಜಾತ್ರೆಗೆ ಹೋಗುವ ಊರು ಈ ನಾಲ್ಕನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿಯೇ ಬರೆದುಕೊಳ್ಳಬೇಕು. ಮನೆದೇವರು ನೂರಾರು ಮೈಲಿ ದೂರದಲ್ಲಿದ್ದರೆ ಅಲ್ಲಿಂದ ಇಲ್ಲಿಯವರೆಗಿನ ಹಾದಿಯನ್ನು ವಿಚಾರಿಸಲು ಕಾರಣ ಸಿಕ್ಕಂತಾಯಿತು, ಅಷ್ಟೇ. ಪಂಢರಪುರದ ವಿಠ್ಠಲನಂಥ ಯಾತ್ರೆಯ ದೇವರು ಮನೆತನ ಅಲ್ಲಿಂದ ಬಂದದ್ದಕ್ಕೆ ಪುರಾವೆಯಾಗುವುದಿಲ್ಲ.

ಹೆಳವರ ವಹಿ

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿಯನ್ನು ಒದರುವ ಹೆಳವರು ಉತ್ತರ ಕರ್ನಾಟಕದ ಒಂದು ದೊಡ್ಡ ಸಂಪತ್ತು. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಊರು, ಇಂತಿಂಥ ಮನೆತನ ಎಂದು ಹಂಚಿಕೆ ಇರುತ್ತದೆ, ಮತ್ತು ಆತ ತನ್ನ ಪಾಲಿನ ಮನೆಗಳಿಗೆ ಕೆಲವು ವರ್ಷಗಳಿಗೊಮ್ಮೆ ಬಂದು ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ಹಳೆಯದನ್ನು ಓದಿ, ಕಾಳು, ಬಟ್ಟೆ ಅಥವಾ ದನವನ್ನು ಪಡೆದು ಹೋಗುತ್ತಾನೆ. ಈಗ ಅನೇಕರು ಎತ್ತನ್ನು ಬಿಟ್ಟು ಬೈಕಿನ ಮೇಲೆ ಬರುತ್ತಾರೆ, ವಹಿ ಮಾತ್ರ ಜೊತೆಗಿರುತ್ತದೆ. ಪೇಟೆಗೆ ಬಂದು ನೆಲೆಸಿದವರ ಮನೆಗೆ ಅವರು ಬರುವುದು ನಿಂತಿದ್ದರೆ ಮೂಲ ಊರಿನಲ್ಲಿ ಅದೇ ಬೆಡಗಿನ ಮನೆಯವರನ್ನು ಕೇಳಿ, ಯಾವ ಹೆಳವರು ಯಾವ ತಿಂಗಳಲ್ಲಿ ಬರುತ್ತಾರೆಂದು ಗೊತ್ತುಮಾಡಿಕೊಳ್ಳಬೇಕು.

ಹೆಳವರ ಹೇಳಿಕೆಯನ್ನು ಎರಡು ಭಾಗ ಮಾಡಿ ಓದುವುದು ನನ್ನ ಪದ್ಧತಿ. ಮೂಲಪುರುಷ, ಆತ ಗೆದ್ದ ಯುದ್ಧ, ಕಾಡು ಕಡಿದು ಊರು ಕಟ್ಟಿದ ಕಥೆ ಇವು ಹಾಡಿನ ಭಾಗ. ಕೇಳಲು ಚೆಂದ, ಆದರೆ ಒಂದೇ ಬಗೆಯ ಕಥೆ ಹಲವು ಮನೆತನಗಳಿಗೆ ಸಲ್ಲುತ್ತದೆ. ಆಮೇಲೆ ಬರುವ "ಇವನಿಗೆ ಮೂವರು ಮಕ್ಕಳು, ಹಿರಿಯವ ಇಂಥ ಊರಿಗೆ ಹೋದ, ನಡುವಿನವ ದತ್ತಕ ಹೋದ, ಕಿರಿಯವ ಇಲ್ಲೇ ಉಳಿದ" ಎಂಬುದು ಲೆಕ್ಕದ ಭಾಗ. ಇದನ್ನು ಹೊಲದ ಕಾಗದದ ಜೊತೆ ತಾಳೆ ನೋಡಿದರೆ ಐದಾರು ತಲೆಮಾರಿನವರೆಗೆ ಅಚ್ಚರಿ ಹುಟ್ಟಿಸುವಷ್ಟು ಹೊಂದುವುದುಂಟು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ ಎಂದು ಒಂದು ಜೋಡಿ ಹೆಸರೇ ತಿರುತಿರುಗಿ ಬರುತ್ತದೆ. ಓದುವ ಭರದಲ್ಲಿ ಎರಡು ತಲೆಮಾರು ಕಳೆದುಹೋಗುವುದು ಅಥವಾ ಹೆಚ್ಚಾಗಿ ಸೇರುವುದು ಇಲ್ಲಿಯೇ. ಪ್ರತಿ ಹೆಸರಿನ ಜೊತೆ ಹೆಂಡತಿಯ ಹೆಸರನ್ನೋ ಸರ್ವೆ ನಂಬರನ್ನೋ ಕಟ್ಟಿಟ್ಟರೆ ಈ ಗೊಂದಲ ತಪ್ಪುತ್ತದೆ. ಇನ್ನೊಂದು ಮಾತು: ಹೆಳವರು ವಹಿಯನ್ನು ಓದುವುದು ಅವರ ಕಸುಬು. ಪುಟಗಳ ಫೋಟೋ ತೆಗೆಯಲು ಕೇಳುವ ಮುನ್ನ ಅವರ ಹಕ್ಕಿನ ಕಾಣಿಕೆಯನ್ನು ಕೊಟ್ಟು, ಒಪ್ಪದಿದ್ದರೆ ಬರೆದುಕೊಂಡು ಸುಮ್ಮನಾಗಬೇಕು.

ಊರು ಯಾರ ಆಡಳಿತದಲ್ಲಿತ್ತು?

ದಾಖಲೆ ಹುಡುಕುವವರು ಎಡವುವುದು ಈ ಪ್ರಶ್ನೆಯಲ್ಲಿ. ಗದಗ ಮತ್ತು ಹಾವೇರಿ ಜಿಲ್ಲೆಗಳು ಆದದ್ದು 1997ರಲ್ಲಿ. ಅದಕ್ಕೂ ಮೊದಲಿನ ಜಿಲ್ಲಾ ಮಟ್ಟದ ಕಡತಗಳನ್ನು ಧಾರವಾಡದಲ್ಲಿಯೂ ವಿಚಾರಿಸಬೇಕು. ಅಣ್ಣಿಗೇರಿ ಮೊದಲು ನವಲಗುಂದ ತಾಲೂಕಿನಲ್ಲಿತ್ತು, ಲಕ್ಷ್ಮೇಶ್ವರ ಶಿರಹಟ್ಟಿಯಲ್ಲಿತ್ತು, ರಟ್ಟೀಹಳ್ಳಿ ಹಿರೇಕೆರೂರಿನಲ್ಲಿತ್ತು. ಸ್ವಾತಂತ್ರ್ಯಕ್ಕೆ ಮೊದಲಿನ ನಕ್ಷೆ ಇನ್ನೂ ಚೂರುಚೂರಾಗಿತ್ತು. ಇಂದಿನ ಧಾರವಾಡ ಸೀಮೆಯ ಬಹುಭಾಗ ಮುಂಬಯಿ ಪ್ರಾಂತದಲ್ಲಿದ್ದರೂ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೂ, ಶಿರಹಟ್ಟಿ ಸಾಂಗ್ಲಿಗೂ, ಲಕ್ಷ್ಮೇಶ್ವರ ಮೀರಜಕ್ಕೂ ಸೇರಿದ್ದವು. ಸವಣೂರಿಗೆ ತನ್ನದೇ ನವಾಬರಿದ್ದರು. ನರಗುಂದ ಸಂಸ್ಥಾನವನ್ನು 1858ರ ಬಂಡಾಯದ ನಂತರ ಬ್ರಿಟಿಷರು ಕಸಿದುಕೊಂಡರು. ಎರಡು ಹರದಾರಿಯ ಅಂತರದ ಎರಡು ಹಳ್ಳಿಗಳಲ್ಲಿ ಬೇರೆ ಬೇರೆ ದರಬಾರು, ಬೇರೆ ಬೇರೆ ಕಚೇರಿ. "ನಮ್ಮ ಊರಿನ ಹಳೆಯ ಕಾಗದವೇ ಇಲ್ಲ" ಎಂಬ ಉತ್ತರ ಬಂದಾಗ ಹುಡುಕಿದ್ದು ಸರಿಯಾದ ಸರಕಾರದ ಕಪಾಟಿನಲ್ಲಿಯೇ ಎಂದು ಮೊದಲು ನೋಡಿಕೊಳ್ಳಬೇಕು.

ಹೊಲದ ಕಾಗದಗಳು

ಜನಗಣತಿಯಲ್ಲಿ ಪೂರ್ವಜರ ಹೆಸರು ಸಿಗಬಹುದೆಂದು ಕೆಲವರು ಆಶಿಸುತ್ತಾರೆ. ನಮ್ಮ ದೇಶದ ಜನಗಣತಿಯ ವರದಿಗಳು ಸಂಖ್ಯೆಗಳನ್ನು ಕೊಡುತ್ತವೆ, ಮನೆಮನೆಯ ಹೆಸರುಗಳನ್ನಲ್ಲ. ಆ ಕೊರತೆಯನ್ನು ಈ ಸೀಮೆಯಲ್ಲಿ ಬಹುಮಟ್ಟಿಗೆ ತುಂಬುವುದು ಕಂದಾಯದ ದಾಖಲೆ.

ಧಾರವಾಡ ಜಿಲ್ಲೆಯ ಹೊಲಗಳನ್ನು 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಅಳೆಯಲು ಶುರುಮಾಡಿ, ಪ್ರತಿ ತುಂಡಿಗೂ ನಂಬರು ಕೊಟ್ಟು, ಕಂದಾಯ ಕಟ್ಟುವ ಖಾತೆದಾರನನ್ನು ಗುರುತಿಸಿದರು. 1903ರ ಕಾನೂನಿನಿಂದ ಹಕ್ಕು ದಾಖಲೆ ಬಂತು. ಅಲ್ಲಿಂದ ಮುಂದೆ ಯಾರು ಸತ್ತರು, ಯಾರು ವಾರಸರಾದರು, ಯಾರು ಮಾರಿದರು, ಯಾರು ಬೇರೆಯಾದರು ಎಂಬುದೆಲ್ಲ ಫೇರಫಾರದ, ಅಂದರೆ ಹಕ್ಕು ಬದಲಾವಣೆಯ, ಪುಸ್ತಕದಲ್ಲಿ ದಾಖಲಾಗತೊಡಗಿತು. ಹಿಂದಕ್ಕೆ ಹೋಗುವ ಕ್ರಮ ಹೀಗಿದೆ: ಇಂದಿನ ಉತಾರವನ್ನು (ಹೊಲದ ಹಕ್ಕು ದಾಖಲೆಯ ನಕಲು, ಪಹಣಿ) ಸರಕಾರದ ಭೂದಾಖಲೆಗಳ 'ಭೂಮಿ' ತಂತ್ರಾಂಶದಿಂದ ತೆಗೆದುಕೊಂಡು, ಅದರಲ್ಲಿಯ ಸರ್ವೆ ನಂಬರು, ಹಿಸ್ಸಾ ಮತ್ತು ಹಕ್ಕು ಬದಲಾವಣೆಯ ನಂಬರನ್ನು ಬರೆದುಕೊಳ್ಳಬೇಕು, ಆ ನಂಬರಿನ ನಮೂದನ್ನು ತೆಗೆಸಿದರೆ ಅದು ಅದಕ್ಕೂ ಹಿಂದಿನ ನಂಬರನ್ನು ತೋರಿಸುತ್ತದೆ, ಹೀಗೆ ಮೆಟ್ಟಿಲಿಳಿಯುತ್ತ ಕೈಬರಹದ ಪಹಣಿಗೂ, ಅಲ್ಲಿಂದ ತಾಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೆಯ ಪುಸ್ತಕಗಳಿಗೂ ತಲುಪಬೇಕು. ಪೇಟೆಯ ಮನೆಗಳಿಗಾದರೆ ಸಿಟಿ ಸರ್ವೆ ಕಚೇರಿಯ ಉತಾರ.

ಮೊದಲ ಸಲ ನಾನು ಒಂದು ಕಚೇರಿಗೆ ಹೋಗಿ "ನಮ್ಮ ಮನೆತನದ ಹಳೆಯ ಕಾಗದ ಎಲ್ಲಾ ಬೇಕಾಗಿತ್ತರಿ" ಎಂದು ಕೇಳಿದ್ದೆ. ಮೂರು ಸಲ ಅಲೆದದ್ದು ಬಿಟ್ಟರೆ ಏನೂ ಸಿಗಲಿಲ್ಲ, ಮತ್ತು ತಪ್ಪು ನನ್ನದೇ ಆಗಿತ್ತು. ದಾಖಲೆಗಳು ಮನೆತನದ ಹೆಸರಿನ ಮೇಲೆ ಇರುವುದಿಲ್ಲ; ಊರು, ಸರ್ವೆ ನಂಬರು, ವರ್ಷ ಇವುಗಳ ಮೇಲೆ ಇರುತ್ತವೆ. ಅರ್ಜಿಯಲ್ಲಿ ಈ ಮೂರನ್ನು ಬರೆದು, ದೃಢೀಕೃತ ನಕಲು ಬೇಕೆಂದು ಕೇಳಿದರೆ ಸಿಬ್ಬಂದಿಗೂ ಹುಡುಕಲು ಸಾಧ್ಯವಾಗುತ್ತದೆ.

ಒಂದು ನಮೂದಿನಲ್ಲಿ ಎಷ್ಟು ಸಂಗತಿ ಇರುತ್ತದೆಂದು ನೋಡಬೇಕಾದರೆ ಅದರ ಭಾಷೆ ತಿಳಿದಿರಬೇಕು. ಖಾತೆದಾರ ಮಯತ ಎಂದರೆ ತೀರಿಕೊಂಡಿದ್ದಾನೆ. "ಬಿನ್" ಎಂದರೆ ತಂದೆಯ ಹೆಸರು, "ಕೋಂ" ಎಂದರೆ ಗಂಡನ ಹೆಸರು ಮುಂದೆ ಬರುತ್ತದೆ. "ಅ.ಪಾ.ಕ." ಎಂದು ಕಂಡರೆ ವಾರಸ ಅಜ್ಞಾನಿ, ಅಂದರೆ ಇನ್ನೂ ಚಿಕ್ಕವನು, ಮುಂದೆ ಬರೆದದ್ದು ಆತನ ಪಾಲಕರ ಹೆಸರು. ಒಬ್ಬ ಖಾತೆದಾರ 1919ರಲ್ಲಿ ಮಯತನಾಗಿ, ವಾರಸನಾದ ಮಗ ಅಜ್ಞಾನಿ, ಪಾಲಕಳು ತಾಯಿ ಎಂದು ನಮೂದಿದ್ದರೆ ಆ ಮೂರು ಸಾಲಿನಲ್ಲಿ ಒಂದು ಮನೆಯ ಕಥೆ ಇದೆ: ವಯಸ್ಸಿನಲ್ಲಿಯೇ ಹೋದ ಗಂಡಸು, ಕೈಗೂಸು, ವಿಧವೆ. ಅದರ ಆಚೀಚೆಯ ನಮೂದುಗಳಲ್ಲಿಯೂ ಅದೇ ಊರಿನ ಇಂಥವೇ ಸಾವುಗಳು ಸಾಲಾಗಿದ್ದರೆ ಹಿಂದಿನ ವರ್ಷದ ಇನ್‌ಫ್ಲುಯೆಂಝಾದ ನೆನಪು ಬರಲೇಬೇಕು. ಸಾವಿನ ಕಾರಣವನ್ನು ಆ ಪುಸ್ತಕ ಹೇಳುವುದಿಲ್ಲ, ಆದ್ದರಿಂದ "ಇರಬಹುದು" ಎಂದೇ ಬರೆಯಬೇಕು. ಊರಿನ ಜನನ-ಮರಣದ ಪುಸ್ತಕ ಉಳಿದಿದ್ದರೆ ಅಲ್ಲಿ ನೋಡಿ ಖಚಿತಪಡಿಸಿಕೊಳ್ಳಬಹುದು. ತನ್ನ ಮನೆಯ ನಮೂದೊಂದನ್ನೇ ನಕಲು ಮಾಡಿಕೊಂಡು ಬರದೆ ಆ ಪುಟವನ್ನು ಪೂರ್ತಿ ಓದಬೇಕು ಎನ್ನುವುದು ಇದಕ್ಕಾಗಿ.

ವತನದ ಮನೆತನಗಳಿಗೆ ಇನ್ನೂ ಆಳದ ದಾಖಲೆಗಳಿವೆ. ಇನಾಮು ಜಮೀನುಗಳ ಹಕ್ಕನ್ನು ವಿಚಾರಿಸಲು ಬ್ರಿಟಿಷರು 1852ರ ಕಾನೂನಿನ ಅಡಿಯಲ್ಲಿ ಇನಾಮ್ ಕಮಿಷನ್ ನಡೆಸಿದಾಗ ಇನಾಮುದಾರರು ಸನದು (ದಾನಪತ್ರ), ಕೈಫಿಯತ್ತು (ಬರೆದುಕೊಟ್ಟ ಹೇಳಿಕೆ) ಮತ್ತು ವಂಶಾವಳಿಗಳನ್ನು ಹಾಜರುಪಡಿಸಬೇಕಾಯಿತು. ಹಕ್ಕು ಉಳಿಸಿಕೊಳ್ಳಲು ಬರೆದ ವಂಶಾವಳಿಯಾದ್ದರಿಂದ ಅದರಲ್ಲಿ ಬೇಕಾದ ಶಾಖೆ ದಪ್ಪವಾಗಿಯೂ ಬೇಡವಾದದ್ದು ತೆಳ್ಳಗಾಗಿಯೂ ಇರುತ್ತದೆ ಎಂಬುದನ್ನು ಮರೆಯಬಾರದು. ಇಂಥ ಕಾಗದಗಳು ಬಹುಪಾಲು ಮೋಡಿ ಲಿಪಿಯ ಮರಾಠಿಯಲ್ಲಿವೆ. ಪೇಶ್ವೆಯ ಕಾಲದ ದಫ್ತರ ಪುಣೆಯಲ್ಲಿದೆ, ಮುಂಬಯಿ ಸರಕಾರದ ಕಡತಗಳು ಮುಂಬಯಿಯ ಪತ್ರಾಗಾರದಲ್ಲಿವೆ. ದೇವನಾಗರಿ ಬಲ್ಲವರು ಕೆಲವು ತಿಂಗಳ ಅಭ್ಯಾಸದಿಂದ ಮೋಡಿಯ ಹೆಸರುಗಳನ್ನೂ ತಾರೀಖುಗಳನ್ನೂ ಓದುವಷ್ಟು ಕಲಿಯಬಹುದು, ಮತ್ತು ಆರಂಭಕ್ಕೆ ಅಷ್ಟು ಸಾಕು.

ನಾಡಕಚೇರಿಯಿಂದ ಕೊಡುವ ವಂಶವೃಕ್ಷ ಪ್ರಮಾಣಪತ್ರ ವಾರಸಾ ವ್ಯವಹಾರಕ್ಕೆ ಬೇಕಾದದ್ದು. ಅರ್ಜಿದಾರರು ಹೇಳಿದ್ದೇ ಅದರ ಮುಖ್ಯ ಆಧಾರವಾದ್ದರಿಂದ ಇತಿಹಾಸಕ್ಕೆ ಅದರ ಉಪಯೋಗ ಕಡಿಮೆ.

ಹೊಲವಿಲ್ಲದವರ ಹುಡುಕಾಟ

ಇಷ್ಟು ಹೊತ್ತು ಹೇಳಿದ್ದು ಹೊಲ ಇದ್ದವರ ಅನುಕೂಲ. ಇತಿಹಾಸದ ಕಾಗದ ಆಸ್ತಿಯ ಹಿಂದೆಯೇ ನಡೆಯುತ್ತದೆ, ಆದ್ದರಿಂದ ಕೂಲಿಯವರು, ಗೇಣಿದಾರರು ಮತ್ತು ಆಯಗಾರರ (ಊರಿನ ಚಾಕರಿ ಮಾಡಿ ಕಾಳಿನ ಪಾಲು ಪಡೆಯುತ್ತಿದ್ದವರ) ಮನೆತನದವರು ಬೇರೆ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ. ಗೇಣಿ ಮಾಡಿದ ಮನೆಯಾದರೆ 1974ರ ಭೂಸುಧಾರಣೆಯ ನಂತರ ಸಲ್ಲಿಸಿದ ನಮೂನೆ 7ರ ಅರ್ಜಿ ಮತ್ತು ಭೂ ನ್ಯಾಯ ಮಂಡಳಿಯ ಕಡತವನ್ನು ಕೇಳಬೇಕು. "ನಮ್ಮ ಅಜ್ಜನ ಕಾಲದಿಂದ ಈ ಹೊಲವನ್ನು ನಾವೇ ಮಾಡುತ್ತ ಬಂದಿದ್ದೇವೆ" ಎಂಬ ಬಗೆಯ ಹೇಳಿಕೆಗಳು ಸಾಕ್ಷಿದಾರರ ಹೆಸರಿನ ಸಮೇತ ಅಲ್ಲಿ ಸಿಗುತ್ತವೆ. ತಳವಾರ, ಶೇತಸನದಿ ಮುಂತಾದ ಚಿಕ್ಕ ಚಾಕರಿಯ ಮನೆಗಳಿಗೆ ವತನದ ರಜಿಸ್ಟರಿನಲ್ಲಿ ಹೆಸರುಂಟು. ಸಹಕಾರಿ ಸಂಘಗಳ ಸದಸ್ಯರ ಪುಸ್ತಕವೂ ಉಪಯುಕ್ತ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾದದ್ದರಿಂದ ಈ ಭಾಗದ ಸೊಸೈಟಿಗಳ ಲೆಕ್ಕಕ್ಕೆ ವಯಸ್ಸಾಗಿದೆ. ಹಳೆಯ ಕನ್ನಡ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಕಸುಬು ಮತ್ತು ಹಿಂದೆ ಕಲಿತ ಶಾಲೆ ಇರುತ್ತವೆ.

ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗ-ಬೆಟಗೇರಿಗೆ 1841ರಲ್ಲಿ ಬಂತು. ಆ ಸಭೆಗಳಿಗೆ ಸೇರಿದ ಮನೆತನದವರು ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನೂ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಮಿಷನ್ನಿನ ಸಂಗ್ರಹವನ್ನೂ ನೋಡಬೇಕು. ಹಳೆಯ ಫೋಟೋಗಳನ್ನು ಅವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಮುಸಲ್ಮಾನ ಮನೆತನಗಳಿಗೆ ಖಾಜಿಗಳ ಬಳಿಯ ನಿಕಾಹ್ ಪುಸ್ತಕ ಮತ್ತು ದರ್ಗಾಗಳ ಇನಾಮು ಕಾಗದಗಳು ಆಧಾರ. ಹುಬ್ಬಳ್ಳಿ ಮತ್ತು ಗದಗಿನ ಸೆಟ್ಲಮೆಂಟುಗಳಲ್ಲಿ ಬ್ರಿಟಿಷ್ ಸರಕಾರ ಇಡೀ ಸಮುದಾಯಗಳನ್ನು ಅಪರಾಧಿಗಳೆಂದು ಹೆಸರಿಟ್ಟು ತಂತಿಬೇಲಿಯೊಳಗೆ ಕೂರಿಸಿತ್ತು. ಅದಕ್ಕೆ ಆಧಾರವಾಗಿದ್ದ ಅಪರಾಧಿ ಬುಡಕಟ್ಟುಗಳ ಕಾನೂನು ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಆ ಮನೆತನಗಳ ಮೇಲೆ ಸರಕಾರ ಬರೆದದ್ದು ಉಳಿದಿದೆ, ಅವರು ತಮ್ಮ ಬಗ್ಗೆ ಹೇಳಿದ್ದು ಕಾಗದಕ್ಕೆ ಬಂದಿಲ್ಲ. ಅಂಥ ಕಡತವನ್ನು ಓದುವಾಗ ಬರೆದವನ ಕೈಯನ್ನು ಮೊದಲು ನೋಡಬೇಕು, ಮತ್ತು ಹಿರಿಯರ ಮಾತಿಗೆ ಕಾಗದಕ್ಕಿಂತ ಹೆಚ್ಚಿನ ತೂಕ ಕೊಡಬೇಕು.

ಹಿನ್ನೆಲೆಯನ್ನು ಓದುವುದು

ಮುಂಬಯಿ ಸರಕಾರ 1884ರಲ್ಲಿ ಪ್ರಕಟಿಸಿದ ಧಾರವಾಡ ಜಿಲ್ಲೆಯ ಗ್ಯಾಜೆಟಿಯರ್ ಸಮುದಾಯಗಳು, ಕಸುಬುಗಳು, ಸಂತೆಗಳು, ಬರಗಾಲ, ಬಡ್ಡಿಯ ದರಗಳ ವಿವರಗಳಿಂದ ತುಂಬಿದೆ. ಜಾತಿಗಳ ಸ್ವಭಾವದ ಬಗ್ಗೆ ಅದು ಕೊಡುವ ತೀರ್ಪುಗಳನ್ನು ಬದಿಗಿಟ್ಟು, ಧಾರಣೆ ಮತ್ತು ದಾರಿಗಳ ಸಂಗತಿಗಳನ್ನು ತೆಗೆದುಕೊಳ್ಳಬಹುದು. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆ ಮತ್ತು ವಿಶ್ವವಿದ್ಯಾಲಯದ ಗ್ರಂಥಾಲಯ ಇರುವುದರಿಂದ ಈ ಸೀಮೆಯವರಿಗೆ ಓದಲು ಬೆಂಗಳೂರಿಗೆ ಹೋಗುವ ಅಗತ್ಯ ಅಷ್ಟಾಗಿ ಬರುವುದಿಲ್ಲ.

ಶಾಸನಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಲಕ್ಕುಂಡಿ, ಅಣ್ಣಿಗೇರಿ, ಲಕ್ಷ್ಮೇಶ್ವರ, ಹಾನಗಲ್ಲುಗಳಲ್ಲಿ ಚಾಲುಕ್ಯರ ಮತ್ತು ಕದಂಬರ ಕಾಲದ ಶಾಸನಗಳು ಬೇಕಾದಷ್ಟಿವೆ, ಹಾವೇರಿಯ ಹಳ್ಳಿಹಳ್ಳಿಯಲ್ಲಿ ವೀರಗಲ್ಲುಗಳಿವೆ. ಆ ಕಲ್ಲಿನ ಮೇಲಿನ ಗಾವುಂಡನಿಗೂ ಇಂದಿನ ಗೌಡರ ಮನೆಗೂ ನಡುವೆ 800 ವರ್ಷಗಳ ಬರ, ಯುದ್ಧ ಮತ್ತು ವಲಸೆಗಳಿವೆ. ಶಾಸನ ಊರಿನ ಇತಿಹಾಸಕ್ಕೆ ಸಲ್ಲುತ್ತದೆ, ಮನೆತನದ ಗಿಡಕ್ಕೆ ಅದನ್ನು ಕಟ್ಟಬಾರದು.

ಬರೆದಿಡುವಾಗ

ಪ್ರತಿ ವ್ಯಕ್ತಿಗೂ ಒಂದು ಹಾಳೆ ಇಟ್ಟು, ಪ್ರತಿ ಸಂಗತಿಯ ಮುಂದೆ ಅದು ಎಲ್ಲಿಂದ ಬಂತೆಂದು ಬರೆಯಬೇಕು: ಅತ್ತಿಯ ಮಾತು, ಫೇರಫಾರ, ಹೆಳವರ ವಹಿ, ಖರೀದಿ ಪತ್ರ. ಎರಡು ಮೂಲಗಳು ಹೊಂದದಿದ್ದರೆ ಎರಡನ್ನೂ ಉಳಿಸಬೇಕು. ದತ್ತಕ, ಎರಡನೆಯ ಲಗ್ನ, ಉಡಿಕೆ (ಹೆಣ್ಣಿನ ಮರುಮದುವೆ), ದೇವರಿಗೆ ಬಿಟ್ಟ ಹೆಣ್ಣುಮಕ್ಕಳು, ಜಾತಿ ಬಿಟ್ಟು ಆದ ಸಂಬಂಧ ಇವು ಸಿಕ್ಕೇ ಸಿಗುತ್ತವೆ. ಅವುಗಳನ್ನು ಅಳಿಸಬಾರದು, ಬದುಕಿರುವವರಿಗೆ ನೋವಾಗುವುದಾದರೆ ಸದ್ಯಕ್ಕೆ ಮನೆಯ ಗುಂಪಿಗೆ ಹಂಚಲೂಬಾರದು. ಹೊಲದ ತಕರಾರು ನಡೆದಿರುವ ಮನೆಯಾದರೆ ಉತಾರದ ನಕಲು ತೆಗೆಸುವ ಮುನ್ನವೇ ಅಣ್ಣತಮ್ಮಂದಿರಿಗೆ ಉದ್ದೇಶವನ್ನು ಹೇಳಿಬಿಡುವುದು ಲೇಸು. ಇಲ್ಲವಾದರೆ ಇತಿಹಾಸದ ಕೆಲಸ ವಕೀಲರ ಕಡೆಗೆ ತಿರುಗಲು ಬಹಳ ದಿನ ಬೇಕಿಲ್ಲ.

ಹೆಣ್ಣುಮಕ್ಕಳ ಹಾಳೆಗಳು ಬೇಗ ತುಂಬುವುದಿಲ್ಲ. ವಂಶಾವಳಿಗಳು ಗಂಡಸರನ್ನು ಎಣಿಸುತ್ತವೆ, ಕೆಲವು ಮನೆಗಳಲ್ಲಿ ಲಗ್ನದ ದಿನವೇ ಹೆಣ್ಣಿನ ಹೆಸರು ಬದಲಾಗುತ್ತದೆ. ಶ್ರಾದ್ಧ ಮಾಡುವ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಹೇಳುವ ಪದ್ಧತಿ ಇರುವುದರಿಂದ ಪುರೋಹಿತರ ಚೀಟಿಯಲ್ಲಿ ಅವು ಸಿಗುತ್ತವೆ. ಉಳಿದವರು ಅ.ಪಾ.ಕ. ನಮೂದುಗಳನ್ನು, ಆಯೇರಿಯ ವಹಿಯನ್ನು, ಪಾತ್ರೆಗಳನ್ನು ನೋಡಬೇಕು, ಮತ್ತು ತವರೂರಿಗೆ ಹೋಗಬೇಕು. ತಂಬಿಗೆಯ ಮೇಲಿನ ಹೆಸರು ಹಿಡಿದು ನಾನು ರೋಣದ ಕಡೆಯ ಆ ಹಳ್ಳಿಗೆ ಹೋದಾಗ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ, "ಯಾವ ಬೆಡಗಿನವರ್ರಿ ನೀವು?" ಹೇಳಿದೆ. "ಹಂಗಾರ ನಿಮಗ ಹೆಣ್ಣು ಕೊಟ್ಟವರು ಕೆಳಗಿನ ಓಣಿಯವರು" ಎಂದು ಅವರು ಒಂದು ಮನೆಯನ್ನು ತೋರಿಸಿದರು. ಆ ಮನೆಗೆ ಬೀಗ ಹಾಕಿತ್ತು. ಮನೆಯವರು ದುಡಿಯಲು ಗೋವಾಕ್ಕೆ ಹೋಗಿದ್ದರು, ಜಾತ್ರೆಗೆ ಬರುತ್ತಾರೆಂದು ಪಕ್ಕದವರು ಹೇಳಿದರು. ಮುತ್ತಜ್ಜಿಯ ಹಾಳೆಯಲ್ಲಿ ಸದ್ಯಕ್ಕೆ ತವರೂರು, ಓಣಿ ಮತ್ತು ಆ ಜಾತ್ರೆಯ ತಾರೀಖು ಇವೆ. ಹೆಸರಿನ ಮೊದಲ ಎರಡು ಅಕ್ಷರಗಳ ಜಾಗವನ್ನು ಖಾಲಿ ಬಿಟ್ಟಿದ್ದೇನೆ.